ಬಿಚ್ಚಿ ಜೋಡಿಸಿ: ತುಳಿದರೂ ಸಾಗದ ಪೆಡಲ್ ಕಯಾಕ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಾಲಲ್ಲಿ ತುಳಿದು ಸಾಗಿಸುವ ಕಿರುದೋಣಿ, ಅಂದರೆ ಪೆಡಲ್ ಕಯಾಕ್‌ನವು. ಹೇಮಾವತಿ ಹಿನ್ನೀರಿನಿಂದ ಮೂಡಿಗೆರೆ ಕಡೆಯ ತೋಟದ ಕೆರೆಗಳವರೆಗೆ ಎಲ್ಲರದ್ದೂ ಒಂದೇ ಅಳಲು: ದೋಣಿ ಇದೆ, ಕೆಟ್ಟರೆ ನೋಡುವವರು ಹತ್ತಿರದಲ್ಲಿಲ್ಲ.

ಒಳಗೇನಿದೆ ಎಂಬುದು ಮೊದಲು ತಿಳಿದಿರಲಿ. ತುಳಿತವನ್ನು ನೀರಿಗೆ ದಾಟಿಸುವ ಯಂತ್ರಭಾಗವೇ ಡ್ರೈವ್, ಅದರಲ್ಲಿ ಎರಡು ಜಾತಿ. ಪ್ರೊಪೆಲರ್ ಡ್ರೈವ್‌ನಲ್ಲಿ ಪೆಡಲ್ ಕೂತಿರುವ ಮೇಲಿನ ಗೇರ್‌ಬಾಕ್ಸ್, ಅಲ್ಲಿಂದ ಕೆಳಕ್ಕಿಳಿಯುವ ಉದ್ದನೆಯ ಶಾಫ್ಟ್, ನೀರಿನೊಳಗಿರುವ ಕಾಲಿನ ತುದಿಯಲ್ಲಿ ಇನ್ನೊಂದು ಜೊತೆ ಗೇರ್, ಕೊನೆಗೆ ಪ್ರೊಪೆಲರ್. ಜೀಪಿನ ಕ್ರೌನ್-ಪಿನಿಯನ್ (ಹಲ್ಲಿಗೆ ಹಲ್ಲು ಕಚ್ಚಿ ತಿರುಗುವ ದೊಡ್ಡ ಮತ್ತು ಸಣ್ಣ ಗೇರ್) ಬಿಚ್ಚಿ ನೋಡಿದವರಿಗೆ ಇದೇನೂ ಹೊಸದಲ್ಲ, ಗಾತ್ರ ಮಾತ್ರ ಮುಷ್ಟಿಯಷ್ಟು. ಪೆಡಲ್ ಒಂದು ಸುತ್ತು ಬಂದರೆ ಪ್ರೊಪೆಲರ್ ಹೆಚ್ಚಿನ ಮಾದರಿಗಳಲ್ಲಿ ಹತ್ತರ ಆಸುಪಾಸು ಸುತ್ತುತ್ತದೆ. ಇನ್ನೊಂದು ಜಾತಿ ರೆಕ್ಕೆ ಡ್ರೈವ್. ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್ ಈ ಜಾತಿಯದು. ಪೆಂಗ್ವಿನ್ ಈಜುವಂತೆ ದೋಣಿಯ ಅಡಿಯಲ್ಲಿ ಎರಡು ರೆಕ್ಕೆಗಳು ಎಡಕ್ಕೂ ಬಲಕ್ಕೂ ಬೀಸುತ್ತವೆ. ಅದರಲ್ಲಿ ಪ್ರೊಪೆಲರ್ ಡ್ರೈವ್‌ನಂಥ ಗೇರ್‌ಬಾಕ್ಸ್ ಇಲ್ಲ, ಚೈನು ಮತ್ತು ಕೇಬಲ್ ಮಾತ್ರ.

ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಹಿನ್ನೀರಲ್ಲಿ ಹೋಗುವಾಗ ಅಡಿಯಲ್ಲಿ ಏನೋ ‘ಕಟ್’ ಎಂದಿತು. ಆಮೇಲೆ ಪೆಡಲ್ ಗಾಳಿಯಲ್ಲಿ ತುಳಿದಷ್ಟು ಹಗುರ, ದೋಣಿ ನಿಂತಲ್ಲೇ. ಗೇರ್ ಹೋಯಿತು, ಹೊಸ ಡ್ರೈವ್ ತರಿಸಿ ಎನ್ನುತ್ತಿದ್ದಾರೆ. ತರಿಸಬೇಕೆ?
— ಓದುಗರು, ಸಕಲೇಶಪುರ

ಈಗಲೇ ಬೇಡ. ನೀವು ಹೇಳಿದ್ದನ್ನು ನೋಡಿದರೆ ತುಂಡಾಗಿರುವುದು ಗೇರ್ ಅಲ್ಲ, ಪ್ರೊಪೆಲರನ್ನು ಶಾಫ್ಟಿಗೆ ಹಿಡಿದಿಡುವ ಅಡ್ಡ ಪಿನ್. ನೀರು ಇಳಿದಾಗ ಹಿನ್ನೀರಿನಲ್ಲಿ ಹಳೇ ಮರದ ಬೊಡ್ಡೆ, ಕಲ್ಲುಗೋಡೆ ಎಲ್ಲ ಮೇಲ್ಮೈಗೆ ಹತ್ತಿರ ಬರುತ್ತವೆ. ಪ್ರೊಪೆಲರಿನ ರೆಕ್ಕೆ ಅದಕ್ಕೆ ಬಡಿದಾಗ ಏನಾದರೊಂದು ಮುರಿಯಲೇಬೇಕು. ಮುರಿಯಲಿ ಎಂದೇ ಆ ಪಿನ್ ಇಟ್ಟಿರುವುದು.

ತೆಗೆಯುವುದು ಸುಲಭ. ರೆಕ್ಕೆಗೂ ಡ್ರೈವ್ ಕಾಲಿಗೂ ನಡುವೆ ಮರದ ತುಂಡು ಕೊಟ್ಟು, ತುದಿಯ ನಟ್ ಬಿಚ್ಚಿ. ವಾಷರ್, ಪ್ರೊಪೆಲರ್ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಹಳೇ ಪೇಪರ್ ಮೇಲೆ ಸಾಲಾಗಿ ಇಡಿ. ಪ್ರೊಪೆಲರ್ ಹೊರಗೆಳೆದರೆ ಶಾಫ್ಟಿನ ಅಡ್ಡತೂತಿನಲ್ಲಿ ಪಿನ್ನಿನ ನಡುಭಾಗ ಉಳಿದಿರುತ್ತದೆ, ಎರಡೂ ತುದಿ ಪ್ರೊಪೆಲರಿನ ಗಾಡಿಯಲ್ಲಿ (ಕೊರೆದ ಸಂದಿನಲ್ಲಿ) ಸಿಕ್ಕಿರುತ್ತವೆ. ನಡುಭಾಗವನ್ನು ಪಿನ್ನಿಗಿಂತ ಒಂದೆಳೆ ಸಣ್ಣದಾದ ಪಂಚ್ ಇಟ್ಟು ಬಡಿದು ತೆಗೆಯಿರಿ. ಬಡಿಯುವಾಗ ಶಾಫ್ಟಿನ ಕೆಳಗೆ ಮರದ ಆಸರೆ ಇರಲಿ. ಇಲ್ಲದಿದ್ದರೆ ಏಟೆಲ್ಲ ಒಳಗಿನ ಬೇರಿಂಗಿಗೆ ಹೋಗುತ್ತದೆ.

ಹೊಸ ಪಿನ್ನಿನ ದಪ್ಪ ವರ್ನಿಯರ್‌ನಲ್ಲಿ ಅಳೆದದ್ದಾಗಿರಲಿ, ಲೋಹವೂ ಹಳೆಯದೇ ಆಗಿರಲಿ: ಹಿತ್ತಾಳೆ ಇದ್ದಲ್ಲಿ ಹಿತ್ತಾಳೆ, ಸ್ಟೇನ್‌ಲೆಸ್ ಇದ್ದಲ್ಲಿ ಸ್ಟೇನ್‌ಲೆಸ್. ಇನ್ನೊಂದು ಸಲ ಮುರಿಯಬಾರದು ಎಂದು ಡ್ರಿಲ್ ಬಿಟ್ಟಿನ ಹಿಡಿಯನ್ನೋ ಕಾಂಕ್ರೀಟ್ ಮೊಳೆಯನ್ನೋ ಕತ್ತರಿಸಿ ಹಾಕುವವರಿದ್ದಾರೆ. ಲೆಕ್ಕ ನೋಡಿ. ನಿಮಿಷಕ್ಕೆ 60 ಸುತ್ತಿನಂತೆ 150 ವಾಟ್ ಶಕ್ತಿಯಲ್ಲಿ ತುಳಿದರೆ ಪೆಡಲ್ ಶಾಫ್ಟಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 24 ನ್ಯೂಟನ್ ಮೀಟರ್. ಹತ್ತು ಪಟ್ಟು ವೇಗವಾಗಿ ತಿರುಗುವ ಪ್ರೊಪೆಲರ್ ಶಾಫ್ಟಿನಲ್ಲಿ ಅದು ಬರೀ 2.4. ಅಷ್ಟಕ್ಕೆ ಮೆತ್ತನೆಯ ಪಿನ್ ಧಾರಾಳ. ಗಟ್ಟಿ ಮೊಳೆ ಹಾಕಿದಿರೋ, ಮುಂದಿನ ಬೊಡ್ಡೆಯ ಏಟು ಪಿನಿಯನ್ ಹಲ್ಲಿಗೇ ಬೀಳುತ್ತದೆ. ಪಿನ್ ಮೂರ್ನಾಲ್ಕು ಮಾಡಿಸಿಟ್ಟುಕೊಳ್ಳಿ. ಎರಡನ್ನು ಒಂದು ನಟ್ ಸಮೇತ ಲೈಫ್ ಜಾಕೆಟಿನ ಜೇಬಿನಲ್ಲಿಡಿ. ಹುಟ್ಟನ್ನಂತೂ ದಡದಲ್ಲಿ ಬಿಟ್ಟು ಹೋಗಲೇಬೇಡಿ.

ಪಿನ್ ನೆಟ್ಟಗಿದ್ದರೆ ಆಗ ಮುಂದಿನ ಹುಡುಕಾಟ. ಕೈಗೆ ದಪ್ಪ ಗ್ಲೌಸ್ ಹಾಕಿ ಪ್ರೊಪೆಲರ್ ಬಿಗಿಯಾಗಿ ಹಿಡಿದುಕೊಳ್ಳಿ, ಇನ್ನೊಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಪೆಡಲ್ ಹಿಡಿದಿರುವ ಕ್ರ್ಯಾಂಕ್ ತೋಳು ತನ್ನ ಚೌಕ ಶಾಫ್ಟಿನ ಮೇಲೆ ಅಲ್ಲಾಡಿದರೆ ದೋಷ ಅಲ್ಲೇ. ತೋಳು ಗಟ್ಟಿಯಿದ್ದು ಒಳಗೆ ಟಕ್ ಎಂದರೆ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಮೇಲಿನ ಗೇರ್‌ಬಾಕ್ಸಿಗೊಮ್ಮೆ, ಕೆಳಗಿನದಕ್ಕೊಮ್ಮೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳಿ. ಸದ್ದು ಎಲ್ಲಿ ಜೋರೋ ಅಲ್ಲೇ ಬಿಚ್ಚಿ. ಎರಡನ್ನೂ ಬಿಚ್ಚುವ ಉತ್ಸಾಹ ಬೇಡ.

ಡ್ರೈವ್ ಕಾಲಿನ ತಿರುಪು ಬಿಚ್ಚಿದಾಗ ಒಳಗಿನ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒರೆಸಿ ಹೊಸ ಗ್ರೀಸ್ ತುಂಬಿದೆವು. ತಿಂಗಳೊಳಗೆ ಮತ್ತೆ ಅದೇ. ಈಗ ಗರಗರ ಸದ್ದೂ ಶುರುವಾಗಿದೆ.
— ಹೋಂಸ್ಟೇ ನಡೆಸುವವರು, ಮೂಡಿಗೆರೆ

ಬಣ್ಣವೇ ಕಾಯಿಲೆ ಹೇಳುತ್ತಿದೆ: ಒಳಗೆ ನೀರು ಹೋಗಿ ಗ್ರೀಸಿನಲ್ಲಿ ಕಡೆದುಕೊಂಡಿದೆ. ಎಷ್ಟು ಸಲ ಗ್ರೀಸ್ ಬದಲಿಸಿದರೂ ನೀರು ಬರುವ ದಾರಿ ಮುಚ್ಚದೆ ಪ್ರಯೋಜನವಿಲ್ಲ. ಗರಗರ ಎನ್ನುತ್ತಿರುವುದು ತುಕ್ಕು ಹಿಡಿದ ಬೇರಿಂಗ್.

ಆ ದಾರಿ ನೂರಕ್ಕೆ ತೊಂಬತ್ತು ಪಾಲು ಪ್ರೊಪೆಲರ್ ಹಿಂದಿನ ಆಯಿಲ್ ಸೀಲ್, ಅಂದರೆ ಶಾಫ್ಟನ್ನು ಸುತ್ತುವರಿದು ನೀರು ತಡೆಯುವ ರಬ್ಬರ್ ಬಳೆ. ಅದನ್ನು ಕೆಡಿಸುವುದು ಎರಡು. ಒಂದು, ಗಾಳದ ನೈಲಾನ್ ದಾರ. ಕೆರೆಯಲ್ಲಿ ಯಾರೋ ಬಿಟ್ಟುಹೋದ ದಾರ ಶಾಫ್ಟಿಗೆ ಸುತ್ತಿಕೊಂಡು ಪ್ರೊಪೆಲರ್ ಹಿಂದೆ ಬಿಗಿಯಾದ ಉಂಗುರವಾಗುತ್ತದೆ, ಸೀಲಿನ ತುಟಿಯನ್ನು ಕೊಯ್ಯುತ್ತದೆ. ಪ್ರೊಪೆಲರ್ ತೆಗೆಯದೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದು ಬಿಸಿಲು. ಕಾರಿನ ಮೇಲೆ ಕಾದು 55 ಡಿಗ್ರಿ ಆಗಿರುವ ಡ್ರೈವನ್ನು 24 ಡಿಗ್ರಿಯ ಕೆರೆಗೆ ಇಳಿಸಿದರೆ ಒಳಗಿನ ಗಾಳಿ ಹತ್ತರಲ್ಲಿ ಒಂದು ಪಾಲು ಕುಗ್ಗಲು ನೋಡುತ್ತದೆ. ಆ ಜಾಗಕ್ಕೆ ನೀರನ್ನು ಸೀಲಿನ ಪಕ್ಕದಿಂದಲೇ ಹೀರಿಕೊಳ್ಳುತ್ತದೆ. ಇಳಿಸುವ ಮೊದಲು ಅರ್ಧ ಗಂಟೆ ನೆರಳಲ್ಲಿಟ್ಟರೆ ಈ ಕಾಟ ತಪ್ಪುತ್ತದೆ.

ಈಗ ಕೆಲಸ. ಬೇಕಾದದ್ದು ಅಲನ್ ಕೀ ಸೆಟ್, ಸರ್ಕ್ಲಿಪ್ ಪ್ಲೈಯರ್, ವರ್ನಿಯರ್, ಸೀಮೆಎಣ್ಣೆ ಅಥವಾ ಡೀಸೆಲ್, ಮೆಡಿಕಲ್ ಅಂಗಡಿಯ 20 ಎಂಎಲ್ ಸಿರಿಂಜ್. ಬಿಚ್ಚುವ ಮೊದಲು ಎರಡು ಭಾಗ ಸೇರುವ ಕಡೆ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಪ್ರೊಪೆಲರ್ ತೆಗೆದು ದಾರವಿದ್ದರೆ ಕ್ರೋಶಾ ಕಡ್ಡಿಯಲ್ಲಿ ಎಬ್ಬಿಸಿ ಬಿಡಿಸಿ. ಬ್ಲೇಡ್ ಹಾಕಿದರೆ ಉಳಿದ ಸೀಲೂ ಹೋಗುತ್ತದೆ. ಕೆಳಗಿನ ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಸಡಿಲಿಸಿ. ಮುಚ್ಚಳದ ಜೊತೆ ಪ್ರೊಪೆಲರ್ ಶಾಫ್ಟ್, ಪಿನಿಯನ್, ಬೇರಿಂಗ್ ಒಟ್ಟಿಗೆ ಹೊರಬರುತ್ತವೆ. ಪಿನಿಯನ್ ಹಿಂದೆ ಕಾಗದದಷ್ಟು ತೆಳುವಾದ ಉಕ್ಕಿನ ಶಿಮ್ ವಾಷರುಗಳಿರಬಹುದು. ಕೊಳಕು ಗ್ರೀಸಿನ ಜೊತೆ ಅವನ್ನೂ ಒರೆಸಿ ಬಿಸಾಡಿದರೆ ಜೋಡಿಸುವಾಗ ಅಳಬೇಕಾಗುತ್ತದೆ.

ಗೇರು, ಶಾಫ್ಟು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಪೆಟ್ರೋಲ್, ಥಿನ್ನರ್ ಬೇಡ. ಬೆಂಕಿಯ ಭಯ ಒಂದು ಕಡೆ, ರಬ್ಬರ್ ಉಬ್ಬುವುದು ಇನ್ನೊಂದು ಕಡೆ. ಈ ತೊಳೆಯುವ ಕೆಲಸ ಕೆರೆಯ ದಂಡೆಯಲ್ಲಿ ಬೇಡವೇ ಬೇಡ. ಯಗಚಿಯ ನೀರು ಎಷ್ಟೋ ಊರಿನ ನಲ್ಲಿಗೆ ಹೋಗುತ್ತದೆ.

ಬೇರಿಂಗನ್ನು ಬೆರಳ ಮೇಲೆ ತಿರುಗಿಸಿ. ಮರಳು ಸಿಕ್ಕಂತೆ ತಡೆದರೆ ಹೊಸದು ತನ್ನಿ. ಅಳತೆ ಹೇಳುವ ಕಷ್ಟವಿಲ್ಲ, ಅದರ ಅಂಚಿನಲ್ಲೇ ನಂಬರ್ ಕೊರೆದಿರುತ್ತದೆ. 608 ಎಂದರೆ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. 6000 ಎಂದರೆ 10, 26, 8. 6001 ಎಂದರೆ 12, 28, 8. ಪಂಪ್‌ಸೆಟ್ ಸಾಮಾನು ಮಾರುವ ಬೇರಿಂಗ್ ಅಂಗಡಿಯಲ್ಲಿ ಇವು ಸಿಗುತ್ತವೆ. ನಂಬರಿನ ಕೊನೆಗೆ ‘2ಆರ್‌ಎಸ್’ ಇರುವುದನ್ನೇ ಕೇಳಿ, ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳವಿರುವುದು. ಹೊಸ ಬೇರಿಂಗನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಿ. ಬೇರಿಂಗ್ ಕೂರುವ ಮನೆ ಅಲ್ಯುಮಿನಿಯಂನದಾದರೆ ಅದನ್ನು ಕುದಿಯುವ ನೀರಲ್ಲಿ ಹತ್ತು ನಿಮಿಷ ಅದ್ದಿ, ಒರೆಸಿ. ಬಡಿಯದೆ ಒಳಗೆ ಕೂತುಬಿಡುತ್ತದೆ. ಬಡಿಯಲೇಬೇಕಾದರೆ ಮನೆಯೊಳಗೆ ಕೂರಿಸುವಾಗ ಹೊರಬಳೆಯ ಮೇಲೆ ಬಲ ಬೀಳಲಿ, ಶಾಫ್ಟಿಗೆ ಏರಿಸುವಾಗ ಒಳಬಳೆಯ ಮೇಲೆ. ಅದಲುಬದಲಾದರೆ ಹೊಸ ಬೇರಿಂಗಿನ ಗುಂಡುಗಳು ಆ ಕ್ಷಣವೇ ಪಟ್ಟಿಗೆ ಗುರುತು ಹಾಕಿಬಿಡುತ್ತವೆ.

ಸೀಲಿನ ಮೇಲೆ ‘12 22 7’ ಎಂಬ ಮಾದರಿಯಲ್ಲಿ ಮೂರು ಅಂಕಿ ಇರುತ್ತವೆ: ಶಾಫ್ಟು, ಮನೆಯ ತೂತು, ಅಗಲ. ಅಳಿಸಿದ್ದರೆ ಹಳೇ ಸೀಲನ್ನು ಅಳೆಯಬೇಡಿ, ಅದು ಹಿಗ್ಗಿರುತ್ತದೆ. ಶಾಫ್ಟನ್ನೂ ತೂತನ್ನೂ ಅಳೆಯಿರಿ. ಹಳೆಯದನ್ನು ಮೀಟಿ ಎಬ್ಬಿಸುವ ಬದಲು ಅದರ ಮುಖಕ್ಕೆ ಸಣ್ಣ ಸ್ಕ್ರೂ ಒಂದನ್ನು ತಿರುಗಿಸಿ, ಸ್ಕ್ರೂ ತಲೆಯನ್ನು ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಶಾಫ್ಟಿನ ಮೇಲೆ ಸೀಲ್ ಉಜ್ಜುತ್ತಿದ್ದ ಜಾಗದಲ್ಲಿ ಉಗುರು ಆಡಿಸಿ ನೋಡಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಅಲ್ಲಿ ಸೋರುತ್ತದೆ. ಸೀಲನ್ನು ಒಂದು ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವಂತೆ ಮಾಡಿ.

ತುಟಿಯ ಒಳಗೆ ಸ್ಪ್ರಿಂಗ್ ಕಾಣುವ ಮುಖ ಯಾವುದನ್ನು ತಡೆಯಬೇಕೋ ಅದರ ಕಡೆಗಿರಬೇಕು. ಎರಡು ಸೀಲ್ ಇರುವ ಡ್ರೈವಿನಲ್ಲಿ ಅವು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ: ಒಳಗಿನದು ಗ್ರೀಸ್ ತಡೆಯಲು ಒಳಮುಖ, ಹೊರಗಿನದು ನೀರು ತಡೆಯಲು ಹೊರಮುಖ. ಒಂದೇ ದಿಕ್ಕಿಗೆ ಎರಡನ್ನೂ ಕೂರಿಸಿದ್ದೇ ‘ಹೊಸ ಸೀಲ್ ಹಾಕಿದರೂ ಸೋರುತ್ತೆ’ ಎಂಬ ದೂರಿನ ಮೂಲವಾಗಿರುವುದುಂಟು. ನಡುವಿನ ಸಂದಿಗೆ ಗ್ರೀಸ್ ತುಂಬಿ. ಇನ್ನೊಂದು ಸೂಕ್ಷ್ಮ: ಶಾಫ್ಟನ್ನು ಸೀಲಿನೊಳಗೆ ತೂರಿಸುವಾಗ ಪಿನ್ನಿನ ಅಡ್ಡತೂತಿನ ಅಂಚು ತುಟಿಯನ್ನು ಬ್ಲೇಡಿನಂತೆ ಕತ್ತರಿಸುತ್ತದೆ. ತೂತಿನ ಮೇಲೆ ಒಂದು ಸುತ್ತು ಸೆಲ್ಲೋಟೇಪ್ ಸುತ್ತಿ, ಗ್ರೀಸ್ ಸವರಿ ತೂರಿಸಿ, ಆಮೇಲೆ ಟೇಪ್ ಕಿತ್ತುಹಾಕಿ.

ಗ್ರೀಸ್ ನೀರಿಗೆ ತೊಳೆದುಹೋಗದ ಮರೀನ್ ಗ್ರೀಸ್ ಆಗಿರಲಿ. ಒಳಗಿನ ಜಾಗದ ಅರ್ಧದಿಂದ ಮೂರನೇ ಎರಡು ಭಾಗ ಸಾಕು. ಸಿರಿಂಜಿನಲ್ಲಿ ಅಳೆದು ಹಾಕಿದರೆ ಮುಂದಿನ ಸಲಕ್ಕೆ ಲೆಕ್ಕ ಸಿಗುತ್ತದೆ. ಕಂಠಮಟ್ಟ ತುಂಬಿದರೆ ಬಿಸಿಯಾದಾಗ ಗ್ರೀಸೇ ಸೀಲನ್ನು ಹೊರಕ್ಕೆ ತಳ್ಳುತ್ತದೆ, ತುಳಿಯುವುದೂ ಭಾರ. ಮುಚ್ಚಳದ ಓ-ರಿಂಗ್ ಹೊಸದಿರಲಿ. ಅಲನ್ ಕೀಯ ಉದ್ದ ತೋಳನ್ನು ಬೋಲ್ಟಿನೊಳಗಿಟ್ಟು ಗಿಡ್ಡ ತೋಳನ್ನು ಎರಡು ಬೆರಳಲ್ಲಿ ತಿರುಗಿಸಿ, ಪ್ಲಾಸ್ಟಿಕ್ ಮನೆಗೆ ಅಷ್ಟು ಬಿಗಿ ಸಾಕು.

ಕೆರೆಗೆ ಹೋಗುವ ಮೊದಲು ಬಕೆಟ್ ಪರೀಕ್ಷೆ. ನೆರಳಲ್ಲಿ ತಣ್ಣಗಾದ ಡ್ರೈವ್ ಕಾಲನ್ನು ಸ್ನಾನದ ನೀರಿಗಿಂತ ಸ್ವಲ್ಪ ಹೆಚ್ಚು ಬಿಸಿಯಾದ, 50 ಡಿಗ್ರಿ ಆಸುಪಾಸಿನ ನೀರಿನಲ್ಲಿ ಅದ್ದಿ ಐದು ನಿಮಿಷ ಕಾಯಿರಿ. ಒಳಗಿನ ಗಾಳಿ ಹಿಗ್ಗಿ ತೂತಿದ್ದಲ್ಲಿ ಗುಳ್ಳೆಯ ಸರ ಬಿಡುತ್ತದೆ. ಮೈಗೆ ಅಂಟಿಕೊಂಡ ಬಿಡಿ ಗುಳ್ಳೆಗಳನ್ನು ಕೈಯಲ್ಲಿ ಸವರಿಬಿಡಿ, ಅವು ಲೆಕ್ಕಕ್ಕಿಲ್ಲ. ಒಂದೇ ಜಾಗದಿಂದ ಒಂದರ ಹಿಂದೊಂದು ಏಳುವುದನ್ನು ಹುಡುಕಿ.

ಇಷ್ಟೆಲ್ಲ ಯಾಕೆ, ವಾರಕ್ಕೊಮ್ಮೆ ಡಬ್ಲ್ಯುಡಿ-40 ಹೊಡೆದರೆ ಸಾಲದೆ?
— ಓದುಗರು, ಅರಸೀಕೆರೆ

ಸಾಲದು. ಅದು ತುಕ್ಕು ಸಡಿಲಿಸಲು, ತೇವ ಓಡಿಸಲು ಒಳ್ಳೆಯದು. ಗ್ರೀಸಿನ ಕೆಲಸ ಮಾಡುವುದಿಲ್ಲ, ಬದಲಿಗೆ ಬೇರಿಂಗಿನಲ್ಲಿರುವ ಗ್ರೀಸನ್ನೇ ತೆಳು ಮಾಡಿ ಹರಿಸಿಬಿಡುತ್ತದೆ.

ಎಡ ಪೆಡಲ್ ಮತ್ತೆ ಮತ್ತೆ ಕಳಚುತ್ತಿತ್ತು. ಪಾನಾ ಹಾಕಿ ಬಲವಾಗಿ ಬಿಗಿ ಮಾಡಿದ ಮೇಲೆ ಪೂರ್ತಿ ಕಿತ್ತು ಬಂತು. ಥ್ರೆಡ್ ಹೋಗಿದೆ.
— ಕಾಲೇಜು ವಿದ್ಯಾರ್ಥಿ, ಹಾಸನ

ಎಡ ಪೆಡಲಿನದು ಉಲ್ಟಾ ಥ್ರೆಡ್. ಬಿಗಿಯಾಗುವುದು ಎಡಕ್ಕೆ ತಿರುಗಿಸಿದಾಗ. ನೀವು ಬಲಕ್ಕೆ ತಿರುಗಿಸಿ ಬಿಚ್ಚುತ್ತಲೇ ಇದ್ದಿರಿ, ಕೊನೆಗೆ ಬಲವಂತಕ್ಕೆ ಎಳೆ ಹರಿದಿದೆ. ಸೈಕಲ್ಲಿನಲ್ಲೂ ಹೀಗೇ, ಯಾವ ಸೈಕಲ್ ಶಾಪಿನಲ್ಲಿ ಕೇಳಿದರೂ ನಕ್ಕು ಹೇಳುತ್ತಾರೆ. ಪೆಡಲ್ ಅಚ್ಚಿನ ತುದಿಯಲ್ಲಿ ಎಡದ್ದು, ಬಲದ್ದು ಎಂದು ಗುರುತು ಕೊರೆದಿರುವುದುಂಟು, ನೋಡಿಕೊಳ್ಳಿ. ಬಹುತೇಕ ಡ್ರೈವ್‌ಗಳಲ್ಲಿ ಅಳತೆಯೂ ಗೇರ್ ಸೈಕಲ್ಲಿನದೇ: 9/16 ಇಂಚು, ಇಂಚಿಗೆ 20 ಎಳೆ. ಆದ್ದರಿಂದ ಹೊಸ ಪೆಡಲ್ ಹುಡುಕುವುದು ಸಮಸ್ಯೆಯಲ್ಲ. ಕ್ರ್ಯಾಂಕ್ ತೋಳಿನ ಎಳೆ ಹರಿದಿದ್ದರೆ ಲೇತ್ ಅಂಗಡಿಯಲ್ಲಿ ತೂತು ದೊಡ್ಡದು ಮಾಡಿ, ಒಳಗೆ ಎಡ ಥ್ರೆಡ್ ಇರುವ ಉಕ್ಕಿನ ಬುಷ್ ಕೂರಿಸಬಹುದು. ತೋಳೇ ಸಿಗುವುದಾದರೆ ತೋಳು ಬದಲಿಸುವುದು ಲೇಸು. ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಗೆ ತಡೆದರೆ ಅದು ಓರೆಯಾಗಿ ಹತ್ತುತ್ತಿದೆ ಎಂದರ್ಥ.

ನಮ್ಮದು ರೆಕ್ಕೆ ಡ್ರೈವ್. ಒಂದು ಪೆಡಲ್ ಮುಂದೆ ಹೋದದ್ದು ಹಿಂದೆ ಬರುತ್ತಿಲ್ಲ. ಎರಡೂ ಪೆಡಲ್ ಜೋಲಾಡುತ್ತವೆ.
— ಓದುಗರು, ಬೇಲೂರು

ಒಂದು ಪೆಡಲ್ ಒತ್ತಿದಾಗ ಇನ್ನೊಂದನ್ನು ವಾಪಸ್ ಎಳೆಯುವುದು ಸಣ್ಣ ರಾಟೆಯ ಮೇಲೆ ಹಾದುಹೋಗುವ ಕೇಬಲ್. ಅದು ಹರಿದಿದೆ ಅಥವಾ ತುದಿಯ ನಟ್ ಬಿಚ್ಚಿಕೊಂಡಿದೆ. ನಟ್ ಬಿಚ್ಚಿದ್ದರೆ ಪುಣ್ಯ: ಎರಡೂ ಪೆಡಲನ್ನು ಒಂದೇ ಸಾಲಿಗೆ ತಂದು, ಎರಡೂ ಬದಿಯ ನಟ್ಟನ್ನು ಅರ್ಧರ್ಧ ಸುತ್ತು ಸರದಿಯಲ್ಲಿ ಬಿಗಿಸಿ. ಜೋಲಾಟ ನಿಂತ ಕೂಡಲೇ ನಿಲ್ಲಿಸಿ, ತೀರಾ ಬಿಗಿದರೆ ರಾಟೆಯ ಬುಷ್ ಸವೆಯುತ್ತದೆ.

ಹರಿದಿದ್ದರೆ ಕಂಪನಿಯ ಕೇಬಲ್ಲೇ ಹಾಕಿ. ಅದು ಬರುವವರೆಗೆ ಅಷ್ಟಾಗಿ ಹಿಗ್ಗದ ಡೈನೀಮಾ ಎಂಬ ಗಟ್ಟಿ ಹಗ್ಗ ನಡೆಯುತ್ತದೆ. ನೈಲಾನ್ ಹಗ್ಗ ನೀರು ಕುಡಿದು ಹಿಗ್ಗುವುದರಿಂದ ಅರ್ಧ ಗಂಟೆಗೆ ಮತ್ತೆ ಜೋಲು. ಸೈಕಲ್ ಬ್ರೇಕ್ ವೈರ್ ಕಟ್ಟಿದರೂ ಸಣ್ಣ ರಾಟೆಯ ಮೇಲೆ ಮಡಚಿ ಮಡಚಿ ಎಳೆ ಬಿಡುತ್ತದೆ, ಆ ಎಳೆ ಕಾಲಿಗೆ ಚುಚ್ಚುತ್ತದೆ. ಇದೇ ಹೊತ್ತಿನಲ್ಲಿ ರೆಕ್ಕೆಯ ಉಕ್ಕಿನ ಕಡ್ಡಿಗಳನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿ. ನಡುವೆ ಬೆಳಕು ಕಂಡರೆ ಬಗ್ಗಿದೆ. ರೆಕ್ಕೆಯ ಅಂಚು ಸೀಳಿದ್ದರೆ ಸೀಳಿನ ತುದಿಗೆ 3 ಮಿ.ಮೀ. ತೂತು ಹಾಕಿ, ಮುಂದಕ್ಕೆ ಹರಿಯುವುದು ನಿಲ್ಲುತ್ತದೆ.

ಡ್ರೈವ್ ಕೂರುವ ಬಾಯಿಯ ಮೂಲೆಯಲ್ಲಿ ದೋಣಿ ಬಿರುಕು ಬಿಟ್ಟಿದೆ. ಎಂ-ಸೀಲ್ ಎರಡು ಸಲ ಮೆತ್ತಿದೆವು, ಎರಡು ಸಲವೂ ಚಕ್ಕೆಯಾಗಿ ಎದ್ದು ಬಂತು.
— ಓದುಗರು, ಚಿಕ್ಕಮಗಳೂರು

ಏಳುತ್ತದೆ. ಆ ಪ್ಲಾಸ್ಟಿಕ್ ಪಾಲಿಎಥಿಲೀನ್. ಎಂ-ಸೀಲ್, ಫೆವಿಕ್ವಿಕ್ ಯಾವುದೂ ಅದಕ್ಕೆ ಕಚ್ಚುವುದಿಲ್ಲ. ಆದರೆ ನಿಮ್ಮ ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕ್ ಕೂಡ ಇದೇ ಪ್ಲಾಸ್ಟಿಕ್ಕಿನಲ್ಲಿ, ಇದೇ ರೀತಿ ಅಚ್ಚನ್ನು ತಿರುಗಿಸಿ ಎರಕ ಹೊಯ್ದದ್ದು. ಆದ್ದರಿಂದ ಟ್ಯಾಂಕ್ ವೆಲ್ಡಿಂಗ್ ಮಾಡುವವರಿಗೆ ಈ ಕೆಲಸ ಗೊತ್ತು, ಒಡೆದ ಟ್ಯಾಂಕಿನಿಂದ ಕತ್ತರಿಸಿದ ಪಟ್ಟಿಯೇ ವೆಲ್ಡಿಂಗ್ ಕಡ್ಡಿ. ಮೊದಲು ದೋಣಿಯ ಮೂಲೆಯಿಂದ ಸಣ್ಣ ಸಿಪ್ಪೆ ಕೆತ್ತಿ ಕಾದ ಸಾಲ್ಡರಿಂಗ್ ಐರನ್ ಮುಟ್ಟಿಸಿ. ಕರಗಿ ಹರಿದರೆ ಸರಿ. ಮೆತ್ತಗಾಗಿ ಹಾಗೇ ಕಪ್ಪಾದರೆ ಅದು ಕ್ರಾಸ್‌ಲಿಂಕ್ ಜಾತಿ, ವೆಲ್ಡ್ ಆಗದು.

ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು. ಬಿರುಕಿನುದ್ದಕ್ಕೂ ದಪ್ಪದ ಅರ್ಧದಷ್ಟು ಆಳಕ್ಕೆ ‘ವಿ’ ಆಕಾರದ ಗಾಡಿ. ಸೋಪಿನಲ್ಲಿ ತೊಳೆದು ಒಣಗಿಸಿ, ಬಿಸಿ ಹಚ್ಚುವ ಮುಂಚೆ ಬ್ಲೇಡಿನಲ್ಲಿ ಮತ್ತೊಮ್ಮೆ ಹೆರೆಯಿರಿ, ಬಿಸಿಲಿಗೆ ಸತ್ತ ಮೇಲ್ಪದರ ಬೆಸೆಯುವುದಿಲ್ಲ. ದೋಣಿಯ ಮೈ, ಕಡ್ಡಿ ಎರಡೂ ಒಟ್ಟಿಗೆ ಹೊಳಪಿಗೆ ಬಂದಾಗ ಒತ್ತಿ. ಹೊಗೆ ಬಂದರೆ ಬಿಸಿ ಹೆಚ್ಚಾಯಿತು, 125 ಡಿಗ್ರಿ ಹತ್ತಿರವೇ ಇದು ಕರಗುತ್ತದೆ. ಒಳಬದಿಗೆ ಸ್ಟೇನ್‌ಲೆಸ್ ಜಾಲರಿ ತುಂಡೊಂದನ್ನು ಕಾಯಿಸಿ ಹೂತರೆ ಬಲ. ತಣ್ಣೀರು ಸುರಿಯದೆ ತಾನಾಗಿ ಆರಲಿ. ಆಮೇಲೆ ದೋಣಿಯೊಳಗೆ ಎರಡಿಂಚು ನೀರು ನಿಲ್ಲಿಸಿ ಅಡಿಯಲ್ಲಿ ಹನಿ ಬರುತ್ತದೆಯೇ ನೋಡಿ. ಬಿರುಕು ಬಿಟ್ಟ ಕಾರಣವನ್ನೂ ಹುಡುಕಿ: ಡ್ರೈವ್ ಹಾಕಿಕೊಂಡೇ ದಡಕ್ಕೆ ಎಳೆಯುತ್ತೀರಾ? ಬ್ರಾಕೆಟ್ ಬೋಲ್ಟಿನಡಿ ಸಣ್ಣ ವಾಷರ್ ಇದೆಯಾ? 25 ಮಿ.ಮೀ. ಅಗಲದ ವಾಷರ್, ಅದರಡಿ ರಬ್ಬರ್ ಹಾಕಿ.

ನಮ್ಮ ಎಸ್ಟೇಟಿನ ಜೀಪ್ ಮೆಕ್ಯಾನಿಕ್ ಹೊಸ ಪಿನಿಯನ್ ಕೂರಿಸಿಕೊಟ್ಟರು. ಈಗ ಪೆಡಲ್ ಕಲ್ಲಿನಷ್ಟು ಬಿಗಿ.
— ಕಾಫಿ ಬೆಳೆಗಾರರು, ಆಲ್ದೂರು

ಅವರ ಕೈಗುಣದಲ್ಲಿ ತಪ್ಪಿಲ್ಲ, ಶಿಮ್ ಲೆಕ್ಕ ತಪ್ಪಿರಬೇಕು. ಮೊದಲು ಪ್ರೊಪೆಲರ್ ತೆಗೆದು ತಿರುಗಿಸಿ ನೋಡಿ, ಹಗುರಾದರೆ ತೊಂದರೆ ಹೊರಗಿನದು. ಆಗಲೂ ಬಿಗಿಯಿದ್ದರೆ ಹಲ್ಲುಗಳು ಒಂದಕ್ಕೊಂದು ತೀರಾ ಒತ್ತಿ ಕೂತಿವೆ. ಝೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅದರ ಒಂದು ಪಟ್ಟಿಯನ್ನು ಎರಡು ಗೇರಿನ ನಡುವೆ ಹಾಯಿಸಿ: ಹರಿಯದೆ, ಮಡಿಕೆಯ ಗುರುತು ಬಿದ್ದು ಹೊರಬಂದರೆ ಸಂದಿ ಸರಿ. ಹರಿದು ಚೂರಾದರೆ ಪಿನಿಯನ್ ಹಿಂದಿನಿಂದ ಒಂದು ಶಿಮ್ ತೆಗೆಯಿರಿ. ಗುರುತೇ ಬೀಳದಿದ್ದರೆ ಒಂದು ಸೇರಿಸಿ, ಇಲ್ಲದಿದ್ದರೆ ಜೋರಾಗಿ ತುಳಿದಾಗ ಹಲ್ಲು ಹಾರುತ್ತದೆ. ಮೂರ್ನಾಲ್ಕು ಹಲ್ಲಿಗೆ ಹಳೇ ಲಿಪ್‌ಸ್ಟಿಕ್ ತೆಳುವಾಗಿ ಸವರಿ ತಿರುಗಿಸಿದರೆ ಎದುರು ಹಲ್ಲಿನ ನಡುವಿಗೆ ಗುರುತು ಬೀಳಬೇಕು, ತುದಿಗಲ್ಲ. ಜೀಪಿನ ಕ್ರೌನ್‌ಗೆ ಮಾಡುವ ಪರೀಕ್ಷೆಯೇ ಇದು, ನಿಮ್ಮ ಮೆಕ್ಯಾನಿಕ್‌ಗೆ ಹೇಳಿದರೆ ಸಾಕು. ಇನ್ನೊಂದು ಮಾತು: ಪಿನಿಯನ್ ಒಂದನ್ನೇ ಹೊಸದು ಹಾಕಿ ಹಳೇ ಕ್ರೌನ್ ಬಿಟ್ಟಿದ್ದರೆ ಸದ್ದು ಹೋಗುವುದಿಲ್ಲ. ಎರಡನ್ನೂ ಜೊತೆಯಾಗಿಯೇ ಬದಲಿಸಿ.

ಮುಂಗಾರಿನ ನಾಲ್ಕು ತಿಂಗಳು ಡ್ರೈವನ್ನು ಹೇಗಿಡುವುದು?
— ಓದುಗರು, ಕೊಪ್ಪ

ದೋಣಿಯಿಂದ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಗಾಳಿಯಾಡುವ ಕಡೆ ಪ್ರೊಪೆಲರ್ ಕೆಳಗಾಗಿ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರಿ ತುಕ್ಕು. ರೆಕ್ಕೆ ಡ್ರೈವಾದರೆ ರೆಕ್ಕೆಯ ಬಿಗಿ ಸಡಿಲಿಸಿ. ಹದಿನೈದು ದಿನಕ್ಕೊಮ್ಮೆ ಪೆಡಲ್ ನಾಲ್ಕು ಸುತ್ತು ತಿರುಗಿಸಿ. ಉಗ್ರಾಣದಲ್ಲಿ ಇಲಿ ಇದ್ದರೆ ತಂತಿಯಲ್ಲಿ ತೂಗುಹಾಕಿ, ಹಗ್ಗದಲ್ಲಿ ಬೇಡ.